ಎರಡು ವಯಸ್ಸು

ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಪಕ್ಕದ ಮನೆಯ ಚೀನೀ ಅಜ್ಜಿ ಮಗಳನ್ನು ನೋಡಿ, "ಎಷ್ಟು ತಿಂಗಳು?" ಎಂದು ಕೇಳಿದರು. "ಆರು" ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಮಗಳಿಗೆ ಆಗಲೇ ಒಂಬತ್ತು ತುಂಬಿತ್ತು.

ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ತಪಾಸಣೆ ಮಾಡಿಕೊಂಡು ಬದುಕುತ್ತಿರುವವನು ನಾನು. ಹೇಳಿದ್ದು ಸುಳ್ಳೇ? ಪೂರ್ತಿ ಅಲ್ಲ. ಫೆಬ್ರವರಿಯಲ್ಲಿ ಹುಟ್ಟಬೇಕಿದ್ದವಳು ನವೆಂಬರಿನಲ್ಲೇ, 28ನೇ ವಾರಕ್ಕೆ, 980 ಗ್ರಾಂ ತೂಕದ ಕೂಸಾಗಿ ಬಂದಳು. ಇಂಥ ಮಕ್ಕಳಿಗೆ ವೈದ್ಯರು ಎರಡು ವಯಸ್ಸು ಲೆಕ್ಕ ಹಾಕುತ್ತಾರೆ. ಒಂದು ಹುಟ್ಟಿದ ದಿನದಿಂದ, ಇನ್ನೊಂದು 40 ವಾರ ತುಂಬಬೇಕಿದ್ದ ದಿನದಿಂದ. ಎರಡನೆಯದು ಸರಿಪಡಿಸಿದ ವಯಸ್ಸು. ಮೊದಲು ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಫೆಂಟನ್ ನಕ್ಷೆಯಲ್ಲಿ ಗುರುತಿಸುತ್ತಾರೆ. ಗರ್ಭದ ಲೆಕ್ಕದಲ್ಲಿ 50 ವಾರಕ್ಕೆ ಅದು ಮುಗಿಯುತ್ತದೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆ. ಅಲ್ಲೂ ಸಾಮಾನ್ಯವಾಗಿ ಎರಡು ವರ್ಷದವರೆಗೆ ಸರಿಪಡಿಸಿದ ವಯಸ್ಸೇ ಆಧಾರ. ಇದರಲ್ಲಿ ನ್ಯಾಯವಿದೆ. ಒಂಬತ್ತು ತಿಂಗಳ ವ್ಯವಹಾರವನ್ನು ಹನ್ನೆರಡು ತಿಂಗಳದ್ದರ ಪಕ್ಕ ಇಟ್ಟು "ಲಾಭ ಕಡಿಮೆ" ಎಂದರೆ ಯಾವ ಆಡಿಟರೂ ಸಹಿ ಹಾಕುವುದಿಲ್ಲ.

ಹೆಲ್ತ್ ಬುಕ್‌ಲೆಟ್‌ನಲ್ಲಿ ಅವಳ ಚುಕ್ಕೆ ಹತ್ತನೇ ಪರ್ಸೆಂಟೈಲ್ ಗೆರೆಯ ಮೇಲೆ ಕೂತಾಗ ನನ್ನ ಕಣ್ಣಿಗೆ ಅದು ನೂರಕ್ಕೆ ಹತ್ತು ಅಂಕದಂತೆ ಕಂಡಿತ್ತು. ನಿಜವಾಗಿ ಅದರ ಅರ್ಥ, ಅಂಥ ನೂರು ಮಕ್ಕಳಲ್ಲಿ ಹತ್ತು ಮಕ್ಕಳು ಅವಳಿಗಿಂತ ಹಗುರ ಎಂದಷ್ಟೇ. ಅವಳು ತನ್ನ ಗೆರೆಯ ಜೊತೆ ಸಾಗುತ್ತಿದ್ದಾಳೆಯೇ, ಕೆಳಗೆ ಜಾರುತ್ತಿದ್ದಾಳೆಯೇ ಎಂಬುದನ್ನು ನೋಡಬೇಕು.

ಹಾಸನದಿಂದ ಅಮ್ಮ ಫೋನಿನಲ್ಲಿ ಗದರುತ್ತಿದ್ದಳು: "ದಿನಾ ತೂಕ ನೋಡ್ಬೇಡ್ವೋ, ದೃಷ್ಟಿಯಾಗುತ್ತೆ. ತೊಟ್ಟಿಲಲ್ಲಿ ಹಾಕಿ ತೂಗು, ಸಾಕು." ನಮ್ಮ ಭಾಷೆಯಲ್ಲಿ ತಕ್ಕಡಿಗೂ ತೊಟ್ಟಿಲಿಗೂ ತೂಗುವುದು ಎಂಬ ಒಂದೇ ಮಾತು. ಎರಡೂ ಬೇಕು. 2020ರ ಜೂನ್‌ನಲ್ಲಿ ಇಲ್ಲಿನ ನ್ಯಾಷನಲ್ ಯೂನಿವರ್ಸಿಟಿ ಹಾಸ್ಪಿಟಲ್‌ನಲ್ಲಿ 212 ಗ್ರಾಂ ತೂಕದ ಮಗುವೊಂದು ಹುಟ್ಟಿತು. 13 ತಿಂಗಳ ನಂತರ 6.3 ಕೆಜಿಯಾಗಿ ಮನೆಗೆ ಹೋಯಿತು. ಅಂಥ ಕೂಸಿಗೆ ಗ್ರಾಂ ಲೆಕ್ಕ ಇಡುವುದೂ ಆರೈಕೆಯೇ.

ಹಾಗಾದರೆ ಲಿಫ್ಟಿನ ಮಾತು ನನ್ನನ್ನೇಕೆ ಚುಚ್ಚಿತು? ಮನೆಯೊಳಗೆ ಬಂದ ಮೇಲೆ ಹೆಂಡತಿ ಕೇಳಿದಳು: "ಆ ಮೂರು ತಿಂಗಳು ಎಲ್ಲಿ ಹೋಯ್ತು?" ಆ ಹನ್ನೆರಡು ವಾರ ಮಗಳು ಇನ್‌ಕ್ಯುಬೇಟರಿನಲ್ಲಿ ಒಂದೊಂದು ಉಸಿರನ್ನೂ ದುಡಿದು ಪಡೆದಿದ್ದಳು. ಇವಳು ಮೂರು ಗಂಟೆಗೊಮ್ಮೆ ಎದ್ದು ಎದೆಹಾಲು ತೆಗೆದಿಟ್ಟಿದ್ದಳು. ಅದನ್ನೆಲ್ಲ ನಾನು ಒಂದೇ ಮಾತಿನಲ್ಲಿ ರೈಟ್ ಆಫ್ ಮಾಡಿದ್ದೆ. ಅದೂ ಮಗಳ ಹಿತಕ್ಕಲ್ಲ, "ಇನ್ನೂ ಕೂತ್ಕೊಳಲ್ವಾ?" ಎಂಬ ಮುಂದಿನ ಪ್ರಶ್ನೆಯಿಂದ ನಾನು ತಪ್ಪಿಸಿಕೊಳ್ಳಲು. ವೈದ್ಯರು ಅದೇ ಅಂಕಿಯನ್ನು ಅವಳನ್ನು ಸರಿಯಾಗಿ ನೋಡಲು ಬಳಸಿದರು. ನಾನು ಅವಳನ್ನು ಮುಚ್ಚಿಡಲು ಬಳಸಿದೆ.

ಇಲ್ಲಿನ ಶಾಲೆಗೆ ಸರಿಪಡಿಸಿದ ವಯಸ್ಸಿನ ಲೆಕ್ಕವಿಲ್ಲ. ಜನವರಿ 2ರಿಂದ ಮುಂದಿನ ಜನವರಿ 1ರೊಳಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಫೆಬ್ರವರಿಯಲ್ಲಿ ಬಂದಿದ್ದರೆ ಸೇರಬೇಕಿದ್ದ ವರ್ಷಕ್ಕಿಂತ ಒಂದು ವರ್ಷ ಮೊದಲೇ ಅವಳ ಸರದಿ. ಆಗ ಯಾರಾದರೂ "ಹಿಂದೆ ಬಿದ್ದಿದ್ದಾಳೆ" ಎಂದರೆ, ಎಲ್ಲಿಂದ ಅಳೆದಿರಿ ಎಂದು ಕೇಳುವ ಧೈರ್ಯ ನನಗಿರಬೇಕು.

ಮೊನ್ನೆ ಅಜ್ಜಿ ಮತ್ತೆ ಸಿಕ್ಕರು. "ಹನ್ನೊಂದು ತಿಂಗಳು. ಮೂರು ತಿಂಗಳು ಮುಂಚೆಯೇ ಬಂದುಬಿಟ್ಟಳು" ಎಂದೆ. ಅಜ್ಜಿ ಮಗಳ ಪಾದ ಮುಟ್ಟಿ ನಕ್ಕರು.