ಬಿಟ್ಟುಹೋದ ಮೇಸ್ತ್ರಿಯ ಬಗ್ಗೆ ಏನು ಹೇಳಬೇಕು?

ಮನೆಯ ಇಂಟೀರಿಯರ್ ಮಾಡಿಕೊಡುವ ಸಣ್ಣ ಸಂಸ್ಥೆಗಳು ಮರಗೆಲಸವನ್ನೂ ವೈರಿಂಗನ್ನೂ ಸಬ್‌ಕಾಂಟ್ರ್ಯಾಕ್ಟ್ ಕೊಡುವುದು ಮಾಮೂಲು. ಮನೆಯವರಿಗೆ ಮೇಸ್ತ್ರಿಯ ಮುಖ ಪರಿಚಯ. ಕರಾರಿನಲ್ಲಿರುವುದು ಮಾತ್ರ ಸಂಸ್ಥೆಯ ಹೆಸರು. ಅರ್ಧ ಕೆಲಸದಲ್ಲಿ ಸಂಸ್ಥೆಗೂ ಮೇಸ್ತ್ರಿಗೂ ಸಂಬಂಧ ಮುರಿದರೆ, "ಅವರ್ಯಾಕೆ ಬರ್ತಿಲ್ಲ?" ಎಂದು ಗ್ರಾಹಕರು ಕೇಳಿಯೇ ಕೇಳುತ್ತಾರೆ. "ಅವನು ಮೋಸಗಾರ ಸಾರ್" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಆ ಮಾತು ನಿಜವೇ ಆಗಿದ್ದರೆ?

ಜೈನ ಆಚಾರ್ಯ ಸಮಂತಭದ್ರರು ಸಂಸಾರಿಗಳಿಗೆಂದೇ ಬರೆದ 'ರತ್ನಕರಂಡಕ ಶ್ರಾವಕಾಚಾರ' ಇಲ್ಲಿ ಬೆರಗು ಹುಟ್ಟಿಸುತ್ತದೆ. ಇನ್ನೊಬ್ಬರನ್ನು ವಿಪತ್ತಿಗೆ ನೂಕುವ ಮಾತು ಸತ್ಯವಾಗಿದ್ದರೂ ಸತ್ಯಾಣುವ್ರತಿ, ಅಂದರೆ ಸತ್ಯದ ಕಿರುವ್ರತ ಹಿಡಿದ ಸಂಸಾರಿ, ಅದನ್ನಾಡಬಾರದು ಎನ್ನುತ್ತಾರೆ ಅವರು. ನಿಂದೆ, ಚಾಡಿ, ಗುಟ್ಟು ಬಯಲು ಮಾಡುವುದು, ಸುಳ್ಳು ಪತ್ರ ಬರೆಯುವುದು ಇವೆಲ್ಲ ವ್ರತಕ್ಕೆ ತಗಲುವ ದೋಷಗಳು. ಮೇಸ್ತ್ರಿಗೆ ಮುಂದಿನ ಕೆಲಸ ಸಿಗುವುದು ಬಾಯಿಮಾತಿನಿಂದ. ಅವನಿಲ್ಲದ ಕೋಣೆಯಲ್ಲಿ ಆಡಿದ ಒಂದು ಮಾತಿಗೆ ಅವನ ಅನ್ನ ಹೋಗಬಹುದು, ಅದೂ ಉತ್ತರ ಕೊಡುವ ಅವಕಾಶವೇ ಇಲ್ಲದೆ.

ಹಾಗೆಂದು ಬಾಯಿ ಮುಚ್ಚಿಕೊಂಡರೆ ಸಾಲದು. ಅವನು ಮಾಡಿದ ವೈರಿಂಗ್‌ನಲ್ಲಿ ಅರ್ಥಿಂಗ್ ಸರಿಯಿಲ್ಲವೆಂದು ಗೊತ್ತಿದ್ದೂ ಸುಮ್ಮನಿರುವ ಮಾಲೀಕ ಗ್ರಾಹಕರ ಪ್ರಾಣದ ಜೊತೆ ಆಡುತ್ತಿದ್ದಾನೆ. ಇದೇ ಇಕ್ಕಟ್ಟನ್ನು ಬಿಡಿಸಲು ದುಡಿದ ಇನ್ನೊಬ್ಬರು ಇಂದಿನ ಬೆಲಾರಸ್‌ನ ರಾದಿನ್ ಊರಿನ ಯಹೂದಿ ಗುರು ಇಸ್ರೇಲ್ ಮೇಯರ್ ಕಗಾನ್. 1873ರಲ್ಲಿ ಅವರ 'ಖಾಫೆಟ್ಸ್ ಖಾಯಿಮ್' ಗ್ರಂಥ ಪ್ರಕಟವಾಯಿತು. ಅವರ ಪ್ರಕಾರ ನಿಜವಾದ ನಿಂದೆಯೂ ನಿಷಿದ್ಧವೇ. ಆದರೆ ಒಬ್ಬರನ್ನು ನಷ್ಟದಿಂದ ಕಾಪಾಡಲು ಮಾತಾಡಬಹುದು ಎಂದ ಅವರು ಅದಕ್ಕೆ ಕಟ್ಟುನಿಟ್ಟಿನ ಷರತ್ತು ಹಾಕಿದರು. ಸಂಗತಿ ಖಚಿತವಾಗಿ ತಿಳಿದಿರಬೇಕು, ಉತ್ಪ್ರೇಕ್ಷೆ ಕೂಡದು, ಸೇಡಿನ ಉದ್ದೇಶ ಇರಬಾರದು.

ಎರಡು ಪರಂಪರೆಗಳನ್ನು ಒಟ್ಟಿಗೆ ಓದಿದರೆ ಗ್ರಾಹಕರಿಗೆ ಸಲ್ಲಬೇಕಾದದ್ದು ಸ್ಪಷ್ಟವಾಗುತ್ತದೆ. ಅವರು ನಂಬಿರುವುದು ಸಂಸ್ಥೆಯನ್ನು; ಆದ್ದರಿಂದ ಯಾವ ಕೆಲಸ ಬಾಕಿ, ಯಾರು ಮುಗಿಸುತ್ತಾರೆ, ಯಾವ ದೋಷ ಸರಿಪಡಿಸಬೇಕು, ಅದರ ಖರ್ಚು ಯಾರದು ಎಂಬುದನ್ನು ಕೇಳುವ ಮುನ್ನವೇ ಹೇಳಬೇಕು. ಮೇಸ್ತ್ರಿಯ ಕುಡಿತ, ಸಾಲ, ಜಗಳ ಗ್ರಾಹಕರು ತಿಳಿಯಬೇಕಾದ ಹಕ್ಕಿನೊಳಗೆ ಬರುವುದಿಲ್ಲ. "ತಾಂತ್ರಿಕ ಕಾರಣ" ಎಂಬ ನುಣುಚು ಮಾತೂ ಬೇಡ. "ನಾವಿನ್ನು ಅವರೊಂದಿಗೆ ಕೆಲಸ ಮಾಡುತ್ತಿಲ್ಲ, ಜವಾಬ್ದಾರಿ ನಮ್ಮದು" ಎಂದರೆ ಸಾಕು.

ಸಮಂತಭದ್ರರ ಪಟ್ಟಿಯಲ್ಲಿ ಇನ್ನೊಂದು ದೋಷವಿದೆ: ಠೇವಣಿ ಇಟ್ಟವರು ಲೆಕ್ಕ ಮರೆತು ಕಡಿಮೆ ಕೇಳಿದಾಗ ಹೂಂಗುಟ್ಟಿ ಉಳಿದದ್ದನ್ನು ಇಟ್ಟುಕೊಳ್ಳುವುದು. ಗ್ರಾಹಕರು ಮೇಸ್ತ್ರಿಯ ಕೈಗೇ ಕೊಟ್ಟ ಮುಂಗಡ, ಮಿಕ್ಕ ಪ್ಲೈವುಡ್, ಮನೆಯ ಕೀಲಿ ಇವುಗಳ ಲೆಕ್ಕ ಒಪ್ಪಿಸುವಾಗ ಆ ಸಾಲು ನೆನಪಿರಲಿ. ಮೇಸ್ತ್ರಿಗೆ ಕೊಡಬೇಕಾದ ಬಾಕಿ ಕೂಲಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ.