ಬೈಪಾಸ್ ಆದಮೇಲಿನ ರಾತ್ರಿಗಳು

ಹೃದಯದ ಆಪರೇಷನ್ ಎಂದ ಕೂಡಲೇ ನಾವು ಕೇಳುವುದು ಎಷ್ಟು ಬ್ಲಾಕ್, ಯಾವಾಗ ಡಿಸ್ಚಾರ್ಜ್ ಅಂತ. ಅಪ್ಪನ ನೆನಪಿನ ಗತಿಯೇನು ಎಂದು ಕೇಳುವವರು ಕಡಿಮೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಹೃದಯದ ಆಪರೇಷನ್ ಆದ, 60 ತುಂಬಿದ 225 ಜನರಲ್ಲಿ 103 ಮಂದಿಗೆ ಡೆಲಿರಿಯಂ, ಅಂದರೆ ನಮ್ಮ ಸನ್ನಿ, ಬಡಿದಿತ್ತು. ಆರು ತಿಂಗಳಾದರೂ ಬುದ್ಧಿ ಮೊದಲಿನ ಹದಕ್ಕೆ ಮರಳದವರು ಆ ಗುಂಪಿನಲ್ಲೇ ಹೆಚ್ಚು.

ಮೊದಮೊದಲು ಎಲ್ಲರೂ ಇದಕ್ಕೆ, ಆಪರೇಷನ್ ಹೊತ್ತಿನಲ್ಲಿ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ನನ್ನೇ ದೂರಿದರು. ಮೆಷಿನ್ ಇಲ್ಲದೆ, ಬಡಿಯುತ್ತಿರುವ ಹೃದಯಕ್ಕೇ ಬೈಪಾಸ್ ಮಾಡಿ ನೋಡಿದರೂ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ವಯಸ್ಸು, ಮೊದಲೇ ಮಂಕಾಗುತ್ತಿದ್ದ ನೆನಪು, ಮತ್ತಿನ ಔಷಧಿ, ಐಸಿಯುವಿನ ನಿದ್ದೆಗೇಡು ಎಲ್ಲಕ್ಕೂ ಇದರಲ್ಲಿ ಪಾಲಿದೆ.

ಇಲ್ಲಿ ಅಮೆರಿಕದಲ್ಲಿ ಮಗಳ ಮನೆಗೆ ಬಂದಿದ್ದ ರಾಯರೊಬ್ಬರು ಆಪರೇಷನ್ ಆದ ಮರುರಾತ್ರಿ ಡ್ರಿಪ್ ಕಿತ್ತುಕೊಳ್ಳಲು ಹೊರಟರು. "ತಿಪಟೂರು ಬಂತು, ಇಳೀಬೇಕು, ನನ್ನ ಚೀಲ ಎಲ್ಲಿ?" ನರ್ಸ್ ಇಂಗ್ಲಿಷಿನಲ್ಲಿ ಎಷ್ಟು ಸಮಾಧಾನ ಹೇಳಿದರೂ ಕೇಳಿಸಿಕೊಳ್ಳಲು ಕಿವಿಯಲ್ಲಿ ಯಂತ್ರವೇ ಇರಲಿಲ್ಲ, ಕಳೆದುಹೋದೀತೆಂದು ಮನೆಗೆ ಕಳಿಸಿದ್ದರು. ಮಗಳು ಬಂದು ಯಂತ್ರ ಸಿಕ್ಕಿಸಿ, ಕನ್ನಡಕ ಹಾಕಿ, "ಅಪ್ಪಾ, ಇದು ಆಸ್ಪತ್ರೆ. ಆಪರೇಷನ್ ಮುಗೀತು. ನಾನು ಇಲ್ಲೇ ಇದ್ದೀನಿ" ಎಂದು ಮತ್ತೆ ಮತ್ತೆ ಹೇಳಿದಳು. ಸನ್ನಿ ಅಂದೇ ಇಳಿಯಲಿಲ್ಲ, ಆದರೆ ಕೈ ಕಟ್ಟಿಹಾಕುವ ಮಾತು ನಿಂತಿತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಶರನ್ ಇನೌಯೆ ತಂಡ 1999ರಲ್ಲಿ ತೋರಿಸಿದ್ದೂ ಇದೇ ಬಗೆಯ ಕೆಲಸ: ಇದು ಯಾವ ಜಾಗ, ಯಾವ ದಿನ ಎಂದು ನೆನಪಿಸುವುದು, ನಡೆಸುವುದು, ನೀರು ಕುಡಿಸುವುದು, ಕನ್ನಡಕ-ಕಿವಿಯಂತ್ರ ಕೊಡುವುದು, ರಾತ್ರಿ ನಿದ್ದೆಗೆ ಬಿಡುವುದು. ಡೆಲಿರಿಯಂ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿದ್ದವರು ಹೃದಯದ ಆಪರೇಷನ್ ಆದವರಲ್ಲ, ವಾರ್ಡಿನಲ್ಲಿದ್ದ ವೃದ್ಧರು. ಆದರೂ ಡಾಕ್ಟರನ್ನು ಕೇಳಿ ಮಾಡಿದರೆ ಈ ಉಪಚಾರದಿಂದ ಕೆಡುಕಿಲ್ಲ.

ಕೂಗಾಡುವ ಸನ್ನಿಯಾದರೂ ಕಣ್ಣಿಗೆ ಬೀಳುತ್ತದೆ. ನನಗೆ ಭಯ ಇನ್ನೊಂದರದು. ಅಮ್ಮ ಸುಮ್ಮನೆ ಮಲಗಿರುತ್ತಾರೆ, ಕರೆದರೆ ತಡವಾಗಿ "ಹ್ಞೂಂ" ಅನ್ನುತ್ತಾರೆ, ಮಾತು ಅರ್ಧಕ್ಕೇ ಬಿಡುತ್ತಾರೆ. "ಪಾಪ, ಸುಸ್ತು" ಎಂದುಕೊಂಡು ನಾವು ಬಾಗಿಲು ಮುಂದೆ ಮಾಡಿ ಬರುತ್ತೇವೆ. ಇದೂ ಡೆಲಿರಿಯಂ ಇರಬಹುದು. ಅದರ ಪತ್ತೆಗೆ ಮಾಡುವ ಪರೀಕ್ಷೆಯ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿದಾಗ ತಪ್ಪಿದ್ದು ಬುದ್ಧಿಯೋ ಭಾಷೆಯೋ ತಿಳಿಯದು. "ಅವರು ಹೀಗಿರಲಿಲ್ಲ" ಎಂದು ನರ್ಸಿಗೆ ಹೇಳಬಲ್ಲವರು ಮನೆಯವರೇ.

ಆಪರೇಷನ್ನಿಗೆ ಮೊದಲೇ ಆಗಬೇಕಾದ ಕೆಲಸವೊಂದಿದೆ. ಊರಿಂದ ತಂದ ಮಾತ್ರೆ ಡಬ್ಬಿಯನ್ನು ಪೂರ್ತಿ ತೋರಿಸಿ. ವರ್ಷಗಟ್ಟಲೆ ನುಂಗಿದ ಆತಂಕದ ಮಾತ್ರೆ ಆಲ್ಪ್ರಾಜೊಲಾಮ್ ಹಠಾತ್ತನೆ ನಿಂತರೂ ಸನ್ನಿ ಬರಬಹುದು. ಸಂಜೆಯ ಎರಡು ಪೆಗ್ ನಿಂತರೂ ಅಷ್ಟೇ. ಮಾವನವರು ಸೊಸೆಯೆದುರು ಅದನ್ನೆಲ್ಲಿ ಬಾಯಿಬಿಟ್ಟಾರು? ಇಲ್ಲಿ ಆಸ್ಪತ್ರೆಗಳು ದುಡ್ಡಿಲ್ಲದೆ ದುಭಾಷಿಯನ್ನು ಒದಗಿಸಬೇಕು. ಕನ್ನಡದವರೇ ಬೇಕೆಂದು ಕೇಳಿ, ಆ ಹತ್ತು ನಿಮಿಷ ನೀವು ಹೊರಗೆ ಕಾಫಿ ಕುಡಿದು ಬನ್ನಿ.