ಗುಂಡುಕಲ್ಲು ಯಾರದು?

ತಿಪಟೂರಿನ ನಮ್ಮ ಮನೆಯ ಹಿತ್ತಲ ಜಗುಲಿಯಲ್ಲಿ ಒಂದು ಒರಳುಕಲ್ಲಿತ್ತು. ಮನೆ ಕಟ್ಟಿಸುವಾಗಲೇ ನಮ್ಮ ಮಾವನವರು ಅದನ್ನು ನೆಲದಲ್ಲಿ ಹೂಳಿಸಿ ಸುತ್ತ ಗಾರೆ ಹಾಕಿಸಿದ್ದರಂತೆ. ಅದರ ಗುಂಡುಕಲ್ಲು ಮಾತ್ರ ಬಿಡಿ, ಎರಡೂ ಕೈಯಿಂದ ಎತ್ತಿದರೆ ಬರುತ್ತಿತ್ತು. 2023ರ ಬೇಸಿಗೆಯಲ್ಲಿ ಮನೆ ಮಾರಿ ಸಾಮಾನು ಕಟ್ಟುವಾಗ ನಾನು ಅದರ ಮುಂದೆ ಬಹಳ ಹೊತ್ತು ಕೂತುಬಿಟ್ಟೆ. ನಮ್ಮತ್ತೆ ನಲವತ್ತು ವರ್ಷ ತಿರುಗಿಸಿದ ಕಲ್ಲು ಅದು. ಅವರ ಅಂಗೈ ತಾಗಿ ತಾಗಿ ನೆತ್ತಿ ನುಣುಪಾಗಿತ್ತು. ಒಯ್ಯೋಣವೆಂದರೆ ಒರಳು ಬರುವುದಿಲ್ಲ, ಬಿಡೋಣವೆಂದರೆ ಮನಸ್ಸು ಬರುವುದಿಲ್ಲ.

ಮನೆ ಮಾರುವವರು ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ಮಂಚ, ಬೀರು, ಪಾತ್ರೆ ನಮ್ಮದು, ಗೋಡೆ, ಸೂರು ಅವರದು, ಅಲ್ಲಿಗೆ ಮುಗಿಯಿತಲ್ಲ! ನಾನೂ ಹಾಗೇ ತಿಳಿದಿದ್ದೆ. ಆದರೆ ಮಂಚಕ್ಕೂ ಗೋಡೆಗೂ ನಡುವೆ ಎಷ್ಟೊಂದು ವಸ್ತುಗಳಿವೆ ಎಂಬುದು ಖಾಲಿ ಮಾಡುವಾಗಲೇ ಗೊತ್ತಾಗುವುದು. ಫ್ಯಾನು, ಗೀಸರು, ಬಾವಿಯ ಮೋಟಾರು, ದೇವರಮನೆಯ ಕದ, ಕಟ್ಟೆಯ ತುಳಸಿ, ಮರದ ಮೇಲಿರುವ ತೆಂಗಿನಕಾಯಿ. ಇವೆಲ್ಲ ಯಾರವು?

ನನಗೆ ಹತ್ತು ವರ್ಷವಾಗಿದ್ದಾಗ, 1978ರಲ್ಲಿ, ನಮ್ಮಪ್ಪ ಅರಸೀಕೆರೆಯಲ್ಲಿ ಒಂದು ಹಳೆಯ ಮನೆ ಕೊಂಡರು. ಹಾಲುಕ್ಕಿಸಲು ಹೋದ ದಿನ ನೋಡಿದರೆ ಮಾರಿದವರು ಬಲ್ಬುಗಳನ್ನಷ್ಟೇ ಅಲ್ಲ, ಹೋಲ್ಡರುಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಬಚ್ಚಲುಮನೆಯ ಚಿಲಕವಿಲ್ಲ. ಬಾವಿಯ ರಾಟೆಯೂ ಇಲ್ಲ. "ಬಾವಿಯನ್ನು ಬಿಟ್ಟು ಹೋಗಿದ್ದಾರಲ್ಲ, ಅದೇ ಪುಣ್ಯ" ಎಂದು ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ರಾಟೆ ತರುವವರೆಗೆ ಮೂರು ದಿನ ಅವಳು ಬರಿಗೈಯಲ್ಲಿ ಹಗ್ಗ ಎಳೆದು ನೀರು ಸೇದಿದಳು. ರಾತ್ರಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ, "ಆ ರಾಟೆ ಅವರಿಗೆ ಎಷ್ಟು ಬಾಳೀತು?" ಎಂದಳು. ಆ ಪ್ರಶ್ನೆ ನನ್ನೊಳಗೆ ಹಾಗೇ ಉಳಿಯಿತು. ಕೊಂಡೊಯ್ದವರಿಗೆ ನಾಲ್ಕು ಕಾಸಿನ ವಸ್ತು. ಬಂದವರಿಗೆ ಅಂಗೈಯ ಚರ್ಮ.

ಈಗ ನಮ್ಮ ಸರದಿ. ಅತ್ತೆ, ಮಾವ ಇಬ್ಬರೂ ತೀರಿಕೊಂಡಿದ್ದರು. ಅವರಿಗೆ ಮೂವರೂ ಗಂಡುಮಕ್ಕಳೇ. ಒಂದು ಮನೆಯನ್ನು ಮೂರು ಮಾಡುವುದು ಹೇಗೆ? ಮಾರಿ ಹಣ ಹಂಚಿಕೊಳ್ಳುವುದೆಂದಾಯಿತು. ಕೊಳ್ಳಲು ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಒಂದು ಕಾಲಕ್ಕೆ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಮಿಟುಕಿಸದೆ ಪಾಠ ಕೇಳುತ್ತಿದ್ದ ಹುಡುಗಿ, ಈಗ ನರ್ಸು. ಗಂಡಹೆಂಡಿರಿಬ್ಬರೂ ದುಡಿದು, ಬ್ಯಾಂಕಿನಲ್ಲಿ ಸಾಲ ಮಾಡಿ ಕೊಳ್ಳುತ್ತಿದ್ದರು.

ಕರಾರುಪತ್ರವಾದ ಮೇಲೆ ಒಂದು ಭಾನುವಾರ ಕಿರಿಯ ಮೈದುನ ಬಡಗಿಯನ್ನು ಕರೆದುಕೊಂಡು ಬಂದ. "ಅತ್ತಿಗೆ, ಈ ತೇಗದ ಮುಂಬಾಗಿಲು ಅಪ್ಪ ನಿಂತು ಮಾಡಿಸಿದ್ದು. ಇದನ್ನ ನಾನು ಒಯ್ತೀನಿ. ಅವರಿಗೆ ಪ್ಲೈವುಡ್ಡಿಂದು ಒಂದು ಹಾಕಿಸಿಕೊಟ್ಟರಾಯಿತು" ಎಂದ. ನಮ್ಮ ಯಜಮಾನರು ತಮ್ಮನಿಗೆ ಎದುರಾಡುವವರಲ್ಲ, ಪೇಪರಿನಲ್ಲಿ ಮುಖ ಹುದುಗಿಸಿದರು. ನಾನೇ ಹೇಳಬೇಕಾಯಿತು: "ಆ ಹುಡುಗಿ ಮನೆ ನೋಡೋಕೆ ಬಂದಾಗ ಮೊದಲು ಮುಟ್ಟಿದ್ದೇ ಈ ಬಾಗಿಲನ್ನ. ಬಾಗಿಲು ತೋರಿಸಿ ಹಲಗೆ ಕೊಡೋಕಾಗುತ್ತೇನಪ್ಪ?"

ಮಾತು ಬೆಳೆದು, ಕೊನೆಗೆ ವಕೀಲರ ಮನೆಗೆ ಹೋದೆವು. ಅವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪುಸ್ತಕ ತೆಗೆದು 8ನೇ ಕಲಂ ಓದಿ ಅರ್ಥ ಹೇಳಿದರು. ಬೇರೆ ಮಾತಾಗಿರದಿದ್ದರೆ, ಮನೆಯ ಜೊತೆಗೆ ಅದರ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯೊಂದಿಗೆ ಕಾಯಂ ಆಗಿ ಬಳಸಲೆಂದು ಒದಗಿಸಿದ ಎಲ್ಲವೂ ಕೊಂಡವರಿಗೆ ಸೇರುತ್ತವೆ. ಬಾಡಿಗೆದಾರನಾದರೆ, ತಾನೇ ನೆಲಕ್ಕೆ ಕೂರಿಸಿದ್ದನ್ನು ಮನೆ ಬಿಡುವ ಮೊದಲು ಬಿಚ್ಚಿಕೊಳ್ಳಬಹುದು, ಮನೆಯನ್ನು ಮೊದಲಿನಂತೆ ಮಾಡಿಟ್ಟರೆ ಸರಿ. ಮಾರುವವನಿಗೆ ಆ ಅನುಕೂಲವಿಲ್ಲ. ಬೇಕಾದದ್ದಿದ್ದರೆ ಕರಾರಿಗೆ ಮೊದಲೇ ಬಾಯಿಬಿಟ್ಟು ಹೇಳಿ, ಬರೆಸಿಕೊಳ್ಳಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೀಗದ ಕೈ. ಬೀಗದ ಕೈಯನ್ನು ಯಾವ ಗೋಡೆಗೂ ಗಾರೆ ಹಾಕಿ ಕೂರಿಸಿಲ್ಲ. ಅದು ನಮ್ಮ ಸೆರಗಿನ ತುದಿಯಲ್ಲಿ ಊರೆಲ್ಲ ಸುತ್ತುತ್ತದೆ. ಆದರೂ ಅದು ಮನೆಯದು, ಯಾಕೆಂದರೆ ಅದಿಲ್ಲದೆ ಬೀಗ ಬರೀ ಕಬ್ಬಿಣ. ಹಾಗಾದರೆ ಗುಂಡುಕಲ್ಲು? ಅದಿಲ್ಲದೆ ಒರಳು ಮಳೆನೀರು ನಿಲ್ಲುವ ಗುಂಡಿ ಅಷ್ಟೆ. ಕೈಗೆ ಬರುತ್ತದೆ ಎಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ ಎಂಬುದು ನನಗೆ ಅಲ್ಲೇ ಕೂತು ಹೊಳೆಯಿತು. ಅಮ್ಮನ ರಾಟೆಯ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು.

ಬಾಗಿಲಿನ ವಿಷಯದಲ್ಲಿ ಗೆದ್ದೆನೆಂದು ಬೀಗುತ್ತಿದ್ದಾಗಲೇ ವಕೀಲರು ಇನ್ನೆರಡು ಪುಟ ತಿರುಗಿಸಿದರು. 55ನೇ ಕಲಂ ಮಾರುವವರ ಕರ್ತವ್ಯದ್ದು. ಮಾರಾಟದ ದಿನದವರೆಗಿನ ಕಂದಾಯ ಕಟ್ಟಬೇಕು. ಹಣ ಕೈಸೇರಿದ ಮೇಲೆ ಮೂಲಪತ್ರಗಳನ್ನು ಒಪ್ಪಿಸಬೇಕು. ಎಲ್ಲಕ್ಕಿಂತ ಮೊದಲು, ಸ್ವತ್ತಿನಲ್ಲಿ ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವಿದ್ದರೆ ಅದನ್ನು ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ.

ನನ್ನ ಮುಖ ಬಿಸಿಯಾಯಿತು. ನಮ್ಮದು ಮದ್ರಾಸು ತಾರಸಿಯ ಮನೆ. ನೈಋತ್ಯದ ಕೋಣೆಯಲ್ಲಿ ಜಡಿಮಳೆ ಹಿಡಿದರೆ ತೊಲೆಯ ಗುಂಟ ನೀರು ಇಳಿಯುತ್ತಿತ್ತು. ನಾವು ಬಕೆಟ್ಟು ಇಟ್ಟುಕೊಂಡೇ ಎಷ್ಟೋ ಮಳೆಗಾಲ ಕಳೆದಿದ್ದೆವು. ಮಾರ್ಚಿಯಲ್ಲಿ ಮನೆ ತೋರಿಸುವ ಮೊದಲು ಆ ಕಲೆಗಳ ಮೇಲೆ ಬಣ್ಣ ಹೊಡೆಸಿದವಳು ನಾನೇ! ಮೈದುನನಲ್ಲ, ಯಜಮಾನರಲ್ಲ. "ಮನೆ ಲಕ್ಷಣವಾಗಿ ಕಾಣಲಿ" ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಾಗಿಲು ಬದಲಿಸುವುದು ಮೋಸ ಎಂದು ಭಾಷಣ ಮಾಡಿದವಳು ಸೋರುವ ಸೂರಿಗೆ ಸುಣ್ಣ ಬಳಿದಿದ್ದೆ. ಒಯ್ಯಬಾರದ್ದನ್ನು ಒಯ್ಯುವುದು ಕಣ್ಣಿಗೆ ಕಾಣುವ ತಪ್ಪು. ನಾನು ಒಯ್ಯಲು ಹೊರಟಿದ್ದದ್ದು ಯಾರ ಕಣ್ಣಿಗೂ ಬೀಳದಂಥದ್ದು, ಆ ಮನೆಯ ನಿಜ.

ಆ ರಾತ್ರಿ ಯಜಮಾನರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿಬಿಡು" ಎಂದರು. ಮರುದಿನ ಅವಳನ್ನು ಕರೆಸಿ, ಆ ಕೋಣೆಗೆ ಕರೆದುಕೊಂಡು ಹೋಗಿ, ಸೋರುವ ಜಾಗ ತೋರಿಸಿದೆ. ಅವಳು ತಲೆಯೆತ್ತಿ ಹೊಸ ಬಣ್ಣ ನೋಡಿದಳು, ನನ್ನ ಮುಖ ನೋಡಿದಳು. "ಯಾವಾಗ ಬಣ್ಣ ಹೊಡೆಸಿದ್ದು ಮಿಸ್?" ಎಂದಳು. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ವಿದ್ಯಾರ್ಥಿನಿಯ ಒಂದು ಪ್ರಶ್ನೆಗೆ ಹಾಗೆ ತಲೆ ತಗ್ಗಿಸಿದ್ದು ಅದೇ ಮೊದಲು.

ಮೇಸ್ತ್ರಿ ನೋಡಿ, ರಿಪೇರಿಗೆ ಅರವತ್ತು ಸಾವಿರವಾಗುತ್ತದೆ ಎಂದ. ಅಷ್ಟನ್ನು ಬೆಲೆಯಲ್ಲಿ ಇಳಿಸಿದೆವು. ಮೈದುನ ಕೆಂಡವಾದ. "ಪಾಠ ಎಲ್ಲ ಸ್ಕೂಲಲ್ಲಿ ಹೇಳಿ ಅತ್ತಿಗೆ, ಮನೇಲಿ ಬೇಡ" ಎಂದ. ಬಣ್ಣ ಹೊಡೆಸಿದವಳು ನಾನಾದ್ದರಿಂದ ಆ ಹಣವನ್ನು ನಮ್ಮ ಪಾಲಿನಲ್ಲೇ ಮುರಿದುಕೊಂಡೆವು. ಆದರೂ ಆ ವರ್ಷ ಗೌರಿಹಬ್ಬಕ್ಕೆ ಓರಗಿತ್ತಿ ಬರಲಿಲ್ಲ.

ಮನೆ ಒಪ್ಪಿಸುವ ದಿನ ಬಲ್ಬುಗಳು ಹೋಲ್ಡರಿನಲ್ಲೇ ಇದ್ದವು. ಬಾವಿಗೆ ರಾಟೆಯಿತ್ತು, ಹೊಸ ಹಗ್ಗ ನಾನೇ ತಂದು ಹಾಕಿಸಿದ್ದೆ. ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದ್ದೆ. ಮೋಟಾರಿನ ಸ್ವಿಚ್ಚಿನ ಚಾಳಿ, ಹಾಲಿನವನು ಬರುವ ಹೊತ್ತು, ಬೇಸಿಗೆಯಲ್ಲಿ ಬಾವಿ ತಳ ಕಾಣುವ ಸಂಗತಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟೆ. ಮಾವನವರ ಹೆಸರಿನ ಫಲಕವನ್ನು ಕೇಳಿ ಬಿಚ್ಚಿಕೊಂಡೆ. ಅದು ಇನ್ನೊಬ್ಬರಿಗೆ ಉಪಯೋಗವಿಲ್ಲದ್ದು. ತುಳಸಿಯನ್ನು ಕೀಳಲಿಲ್ಲ. ಬುಡದಲ್ಲಿ ಹುಟ್ಟಿದ್ದ ಎರಡು ಸಸಿಗಳನ್ನು ಮೊಸರಿನ ಡಬ್ಬಿಯಲ್ಲಿ ನೆಟ್ಟುಕೊಂಡೆ.

ನಾನು ಹಿತ್ತಲಿನಲ್ಲಿ ನಿಂತದ್ದನ್ನು ನೋಡಿ ಅವಳು, "ಗುಂಡುಕಲ್ಲು ಬೇಕಿದ್ರೆ ತಗೊಂಡು ಹೋಗಿ ಮಿಸ್, ನಮ್ಮ ಹತ್ರ ಗ್ರೈಂಡರ್ ಇದೆ" ಎಂದಳು. ಈಗ ಯಾವ ಕಲಮೂ ಅಡ್ಡ ಬರುತ್ತಿರಲಿಲ್ಲ. ಕೊಟ್ಟವಳೇ ಒಡತಿ. ಎರಡೂ ಕೈಯಿಂದ ಎತ್ತಿದೆ. ಒರಳಿನ ಬಾಯಿ ಬರಿದಾಗಿ ಕಂಡಿತು. ಮೆಲ್ಲಗೆ ಮತ್ತೆ ಅಲ್ಲೇ ಇಟ್ಟೆ. "ಇರಲಿ ಕಣಮ್ಮ, ಕರೆಂಟು ಹೋದಾಗ ಬೇಕಾಗುತ್ತೆ" ಎಂದೆ.

ಬಿಟ್ಟು ಬಂದೆನೆಂದು ಹೆಮ್ಮೆಯೇನಿಲ್ಲ. ತುಮಕೂರಿನ ಈ ಬಾಡಿಗೆ ಮನೆಯಲ್ಲಿ ಗ್ರೈಂಡರು ತಿರುಗುವಾಗ ಇವತ್ತಿಗೂ ಅದು ನೆನಪಾಗುತ್ತದೆ. ಜೂನ್ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಎಚ್ಚರವಾಯಿತು. ಆ ಕೋಣೆಯಲ್ಲಿ ಈಗ ಬಕೆಟ್ಟು ಇಡಬೇಕಾಗಿಲ್ಲವಲ್ಲ ಎಂದುಕೊಂಡು ಮಗ್ಗುಲಾದೆ. ನಿದ್ದೆ ಬಂತು.